ಸೂಜಿಮೊನೆಯ ಪೆನ್ಸಿಲ್

ಒಂದನೆಯ ತರಗತಿಯ ಮಗುವಿರುವ ಮನೆಯಲ್ಲಿ ಪೆನ್ಸಿಲಿನ ಆಯುಷ್ಯ ಐದು ದಿನ. ಸೋಮವಾರ ಬೆಳಿಗ್ಗೆ ಗೇಣುದ್ದವಿದ್ದು, ತಲೆಗೆ ಕೆಂಪು ರಬ್ಬರಿನ ಟೋಪಿ ತೊಟ್ಟು ಶಾಲೆಗೆ ಹೊರಟದ್ದು ಶುಕ್ರವಾರ ಸಂಜೆಗೆ ಹೆಬ್ಬೆರಳಷ್ಟಾಗಿ, ಟೋಪಿಯನ್ನೂ ಯಾರಿಗೋ ಧಾರೆಯೆರೆದು ಮರಳುತ್ತದೆ. ಬರೆದು ಬರೆದು ಸವೆದಿದ್ದರೆ ವಿದ್ಯಾವ್ಯಾಸಂಗದ ಲಕ್ಷಣವೆಂದು ಹಿಗ್ಗಬಹುದಿತ್ತು. ಆದರೆ ಪುಸ್ತಕ ತೆರೆದು ನೋಡಿದರೆ ಶಾಲೆಯ ಪುಟಗಳಲ್ಲಿ ಮೂರಕ್ಷರ ಬರೆದು ಉಳಿದದ್ದೆಲ್ಲ ಬಯಲು. ಹಾಗಾದರೆ ಪೆನ್ಸಿಲು ಎಲ್ಲಿಗೆ ಹೋಯಿತು? ಈ ಪ್ರಶ್ನೆ ಕ್ಷುಲ್ಲಕವೆಂದು ನೀವು ಹುಬ್ಬೇರಿಸಬೇಡಿ. ನಾನೂ ಹಾಗೇ ಅಂದುಕೊಂಡು ಅಸಡ್ಡೆ ಮಾಡಿ, ನಾಲ್ಕು ದಿನ ಅನ್ನ ನೀರು ಸೇರದ ಸ್ಥಿತಿಗೆ ಬಂದವಳು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಅಪರಾಧದ ಸ್ವರೂಪ ನಿಮಗೆ ತಿಳಿಯುವುದಿಲ್ಲ. ಮದುವೆಯಾಗಿ ಯಾದಗಿರಿಯ ಕಡೆಯಿಂದ ಹೈದರಾಬಾದಿಗೆ ಬಂದು, ಇಲ್ಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಮೂವತ್ತು ವರ್ಷ ಪ್ರಮಾಣಪತ್ರಗಳ ಮೇಲೆ ಹುಡುಗರ ಹೆಸರು ಬರೆದವಳು ನಾನು. ಕಂಪ್ಯೂಟರು ಬರುವ ಮುಂಚೆ ಆ ಕೆಲಸಕ್ಕೊಂದು ಪದ್ಧತಿಯಿತ್ತು: ಮೊದಲು ಸೂಜಿಯಂಥ ಮೊನೆಯ ಪೆನ್ಸಿಲಿನಿಂದ ಕಂಡೂ ಕಾಣದ ಹಾಗೆ ಹೆಸರು ಬರೆಯಬೇಕು, ಅದರ ಮೇಲೆ ಮಸಿಯಲ್ಲಿ ತಿದ್ದಬೇಕು, ಒಣಗಿದ ಮೇಲೆ ಪೆನ್ಸಿಲಿನ ಗುರುತನ್ನು ಉಜ್ಜಿ ಅಳಿಸಬೇಕು. ಆ ಮೊನೆಯನ್ನು ಮೂಡಿಸುವುದು ಯಂತ್ರದಿಂದ ಸಾಧ್ಯವಿಲ್ಲ. ಅರ್ಧ ಬ್ಲೇಡು ಬೇಕು, ತಾಳ್ಮೆ ಬೇಕು. ನಿವೃತ್ತಳಾದಾಗ ಶಾಲು ಹೊದಿಸಿದರು, ಹಾರ ಹಾಕಿದರು. ಶಾಲನ್ನು ಜಿರಲೆ ತಿಂದಿತು, ಅರ್ಧ ಬ್ಲೇಡು ಮಾತ್ರ ಕಾಗದದಲ್ಲಿ ಸುತ್ತಿಕೊಂಡು ಮೊನ್ನೆಮೊನ್ನೆಯವರೆಗೂ ನನ್ನ ಪರ್ಸಿನಲ್ಲಿತ್ತು. ‘ಇತ್ತು’ ಎಂದದ್ದನ್ನು ಗಮನಿಸಿ, ಅದರ ಕಥೆ ಮುಂದಿದೆ.

ನನ್ನ ಒಂದನೆಯ ತರಗತಿಯಲ್ಲಿ ಪೆನ್ಸಿಲೆಂಬುದೇ ಇರಲಿಲ್ಲ. ಪಾಟಿ, ಬಳಪ, ಒರೆಸಲು ಸ್ವಂತ ಉಗುಳು. ಮಾಸ್ತರರು ಪಾಟಿಯ ಮೇಲೊಂದು ದೊಡ್ಡ ಅಕ್ಷರ ಬರೆದು, ತಿದ್ದುತ್ತ ಕೂಡು ಎಂದು ಹೇಳಿ, ಬೇವಿನ ಮರದ ಕೆಳಗೆ ಬೀಡಿ ಸೇದಲು ಹೋಗಿಬಿಡುತ್ತಿದ್ದರು. ಬಳಪ ಮೊಂಡಾದರೆ ಶಾಲೆಯ ಮೆಟ್ಟಿಲಿನ ಕಲ್ಲಿಗೆ ನಾವೇ ಉಜ್ಜಿಕೊಳ್ಳಬೇಕಿತ್ತು. ಆ ಮೆಟ್ಟಿಲಿನಲ್ಲಿ ಮೂರು ತಲೆಮಾರಿನ ಮಕ್ಕಳು ಉಜ್ಜಿ ಉಜ್ಜಿ ಕೊರೆದ ಗೆರೆಗಳಿದ್ದವು. ಯಾರೂ ನಮ್ಮ ಕೈಹಿಡಿದು ಬರೆಸಲಿಲ್ಲ, ಹಾಗಾಗಿ ಬರೆಯುವುದು ಬಂತು. ಇಷ್ಟು ಸರಳವಾದ ಸತ್ಯವನ್ನು ಅರವತ್ತಾರನೆಯ ವಯಸ್ಸಿನಲ್ಲಿ ನಾನು ಹೇಗೆ ಮರೆತೆ ಎಂಬುದೇ ಸೋಜಿಗ.

ಮರೆವು ಶುರುವಾದದ್ದು ಬಾಸರದಲ್ಲಿ ಎಂದು ಕಾಣುತ್ತದೆ. ಈ ಸೀಮೆಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಬಾಸರದ ಸರಸ್ವತಿಯ ಸನ್ನಿಧಿಗೆ ಹೋಗುವುದು ವಾಡಿಕೆ. ನನ್ನ ಮೊಮ್ಮಗಳು ಮೈತ್ರಿಯನ್ನೂ ಕಾಚಿಗೂಡದಲ್ಲಿ ರೈಲು ಹತ್ತಿಸಿ ಕರೆದುಕೊಂಡು ಹೋಗಿದ್ದೆವು. ತಂದೆಯೋ ತಾಯಿಯೋ ಮಗುವಿನ ಬೆರಳು ಹಿಡಿದು ಪಾಟಿಯ ಮೇಲೆ ಬರೆಸಿರಿ ಎಂದರು ಪೂಜಾರಿ. ನನ್ನ ಮಗ ಶ್ರೀಕಾಂತನ ಅಕ್ಷರ ಇರುವೆ ಮಸಿಯಲ್ಲಿ ಬಿದ್ದು ಹರಿದಾಡಿದ ಹಾಗಿರುತ್ತದೆ. ಸೊಸೆ ಸೌಮ್ಯ ಮೈಸೂರಿನವಳು, ಮಾದಾಪುರದ ಆಫೀಸಿನಲ್ಲಿ ದಿನವೆಲ್ಲ ಕೀಲಿ ಒತ್ತುವವಳು, ಕೈಯಲ್ಲಿ ಬರೆದು ಎಷ್ಟು ವರ್ಷವಾಯಿತೋ. ಇಬ್ಬರನ್ನೂ ಮೊಣಕೈಯಿಂದ ಪಕ್ಕಕ್ಕೆ ಸರಿಸಿ ನಾನೇ ಕೂತೆ, ಬೆರಳು ಹಿಡಿದೆ, ಬರೆಸಿದೆ. ಓಂಕಾರ ದುಂಡಗೆ ಮೂಡಿತು, ಪೂಜಾರಿಯೇ ತಲೆದೂಗಿದರು. ಆವತ್ತು ಹಿಡಿದ ಆ ಬೆರಳನ್ನು ನಾನು ಆಮೇಲೆ ಬಿಡಲೇ ಇಲ್ಲ.

ಹೋದ ವರ್ಷ ಜೂನಿನಲ್ಲಿ ಮೈತ್ರಿ ಒಂದನೆಯ ತರಗತಿಗೆ ಸೇರಿದಳು. ಯುಕೆಜಿಯವರೆಗೆ ಹಾಡು, ಬಣ್ಣ, ಮಣ್ಣಿನ ಉಂಡೆ. ಒಂದನೆಯದಕ್ಕೆ ಕಾಲಿಟ್ಟ ಕೂಡಲೇ ಇಂಗ್ಲಿಷು, ತೆಲುಗು, ಲೆಕ್ಕ, ಪರಿಸರ ಎಂದು ದಿನಕ್ಕೆ ನಾಲ್ಕು ಪುಟ ಹೋಂವರ್ಕು. ಮುಂದಿನ ಎರಡು ಹಲ್ಲು ಬಿದ್ದ ಆ ಬಾಯಿಂದ ಇಷ್ಟೆಲ್ಲ ಅಗಿಯುವುದು ಹೇಗೆ? ಅದೇ ಹೊತ್ತಿಗೆ ಮನೆಯಲ್ಲೊಂದು ಚರ್ಚೆಯೂ ಎದ್ದಿತ್ತು. ಕೊಂಡಾಪುರದಲ್ಲಿ ಮನೆ ಮಾಡಿದರೆ ಆಫೀಸಿಗೆ ಹತ್ತಿರ, ಅಪಾರ್ಟ್‌ಮೆಂಟಿನ ಕೆಳಗೇ ಡೇಕೇರ್ ಇದೆ, ಶಾಲೆ ಬಿಟ್ಟ ಮೇಲೆ ಮಗುವನ್ನು ಕೂರಿಸಿಕೊಂಡು ಅಲ್ಲೇ ಹೋಂವರ್ಕು ಮಾಡಿಸುತ್ತಾರೆ ಎಂದು ಸೌಮ್ಯ ಮೆಲ್ಲಗೆ ಪ್ರಸ್ತಾಪಿಸಿದಳು. ಮೂರೂವರೆಯಿಂದ ಏಳೂವರೆಯವರೆಗೆ ಆ ಮಗು ನನ್ನದು. ಇಡೀ ದಿನದಲ್ಲಿ ನನಗೆ ಹೊತ್ತು ಎಂದು ಕರೆಯಬಹುದಾದದ್ದು ಆ ನಾಲ್ಕು ತಾಸು ಮಾತ್ರ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕೆಲಸ ಮಾಡಿದವಳು, ಒಂದನೆಯ ತರಗತಿಯನ್ನು ಸಂಭಾಳಿಸಲಾರೆನೇ ಎಂದು ಸೆರಗು ಬಿಗಿದು ನಿಂತೆ. ದಸರೆಯವರೆಗೆ ನೋಡೋಣ ಎಂದು ಇಬ್ಬರೂ ಒಪ್ಪಿದರು.

ನೋಡೋಣ ಎಂದರೆ ಪರೀಕ್ಷೆ ಎಂದೇ ಅರ್ಥ. ಪರೀಕ್ಷೆ ಮೈತ್ರಿಗಲ್ಲ, ನನಗೆ.

ಮೊದಲ ವಾರ ಪ್ರಾಮಾಣಿಕವಾಗಿ ನಡೆಯಿತು. ಅವಳು ಒಂದು ಸಾಲು ಬರೆಯಲು ಅರ್ಧ ತಾಸು. ನಡುವೆ ನೀರು, ನಡುವೆ ಬಚ್ಚಲು, ನಡುವೆ ಕಿಟಕಿಯಾಚೆಯ ಬೆಕ್ಕು. ಏಳು ಗಂಟೆಗೆ ಎರಡು ಪುಟ ಬಾಕಿ, ಮಗುವಿನ ಕಣ್ಣು ಎಳೆಯುತ್ತಿದೆ, ಸೌಮ್ಯ ಮೆಟ್ರೋ ಇಳಿದು ಬರುವ ಹೊತ್ತು. ಒಂದು ಸಾಲು ನಾನು ಬರೆದೆ. ಮರುದಿನ ನಾಲ್ಕು ಸಾಲು. ಮೂರನೆಯ ವಾರಕ್ಕೆ ಒಂದು ಪುಟ ಪೂರ್ತಿ. ನನ್ನ ಬಲಗೈ ಎಷ್ಟು ಹೇಳಿದರೂ ಕೆಟ್ಟದಾಗಿ ಬರೆಯಲು ಒಪ್ಪದ್ದರಿಂದ ಎಡಗೈಯಲ್ಲಿ ಅಭ್ಯಾಸ ಮಾಡಿದೆ. ಸುಂದರವಾಗಿ ಬರೆಯುವುದಕ್ಕಿಂತ ಆರು ವರ್ಷದ ಮಗುವಿನ ಹಾಗೆ ಬರೆಯುವುದು ನೂರು ಪಾಲು ಕಠಿಣ. ಸಾಲು ಏರಬೇಕು, ಆದರೆ ಅತಿಯಾಗಿ ಏರಬಾರದು. ಒಂದಕ್ಷರ ಮಿಕ್ಕವುಗಳಿಗಿಂತ ದಪ್ಪಗಿರಬೇಕು. ಮೈತ್ರಿ ಪಕ್ಕದಲ್ಲಿ ಕೂತು ಚಕ್ಕುಲಿ ಕಡಿಯುತ್ತ ನನ್ನ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಅಷ್ಟು ಚಂದ ಬ್ಯಾಡ ಆಯಿ, ನನ್ನಂಗ ಬರಿ ಎಂದು ತಿದ್ದುತ್ತಿದ್ದಳು. ಇದು ಮೋಸ ಎಂದು ನನಗೆ ಹೊಳೆಯಲಿಲ್ಲವೇ ಎಂದು ಕೇಳುತ್ತೀರಿ. ಹೊಳೆಯಿತು. ಹೊಳೆದದ್ದನ್ನು ಪ್ರೀತಿ ಎಂದು ಕರೆದು ಸುಮ್ಮನಾದೆ, ವಯಸ್ಸಾದವರಿಗೆ ಆ ವಿದ್ಯೆ ಚೆನ್ನಾಗಿ ಬರುತ್ತದೆ.

ನಿತ್ಯ ಮಲಗುವ ಮುಂಚೆ ಮರುದಿನಕ್ಕೆ ಪೆನ್ಸಿಲು ಚೂಪು ಮಾಡಿ ಡಬ್ಬಿಯಲ್ಲಿಡುವುದೂ ನನ್ನದೇ ಕೈಂಕರ್ಯ. ಅರ್ಧ ಬ್ಲೇಡಿನಿಂದ ನೀಳವಾಗಿ ಕೆತ್ತಿ, ಒಳಗಿನ ಕಡ್ಡಿಯನ್ನು ಕಾಗದಕ್ಕೆ ತಿಕ್ಕಿ, ಪ್ರಮಾಣಪತ್ರ ಬರೆಯುವಂಥ ಮೊನೆ. ಆ ಮೊನೆಯನ್ನು ಬೆರಳಿಗೆ ಮುಟ್ಟಿಸಿ ನೋಡುವಾಗ ನನಗೆ ಆಗುತ್ತಿದ್ದ ತೃಪ್ತಿಯನ್ನು ಏನೆಂದು ಹೇಳಲಿ! ಹೋಂವರ್ಕಿನ ಪುಸ್ತಕದಲ್ಲಿ ನಕ್ಷತ್ರಗಳು ಬಿದ್ದವು. ಸೌಮ್ಯ ಅವುಗಳ ಫೋಟೋ ತೆಗೆದು ಮೈಸೂರಿಗೆ ಕಳಿಸಿದಳು, ಬೀಗರು ಅಲ್ಲಿಂದ ಕೈಮುಗಿಯುವ ಚಿತ್ರ ಕಳಿಸಿದರು. ಕೊಂಡಾಪುರದ ಮಾತು ಅಡಗಿತು. ನಕ್ಷತ್ರ ನೋಡಿದಾಗಲೆಲ್ಲ ನನಗೆ ನನ್ನದೇ ಹೋಂವರ್ಕಿಗೆ ಬಂದದ್ದೆಂಬ ಸಂತೋಷ. ವಾಸ್ತವದಲ್ಲಿ ಅದು ಸುಳ್ಳೂ ಆಗಿರಲಿಲ್ಲ.

ದಸರೆಯ ರಜೆ ಮುಗಿದ ವಾರ, ಮಂಗಳವಾರ ಸಂಜೆ ಡೈರಿಯಲ್ಲಿ ಕೆಂಪು ಮಸಿಯ ಬರಹ ಬಂತು. ಮನೆಯ ಬರವಣಿಗೆಗೂ ತರಗತಿಯ ಬರವಣಿಗೆಗೂ ಹೊಂದಿಕೆಯಿಲ್ಲ. ತರಗತಿಯಲ್ಲಿ ಮೂರ್ನಾಲ್ಕು ಅಕ್ಷರ ಬರೆದು ಮಗು ಸುಮ್ಮನೆ ಕೂತುಬಿಡುತ್ತದೆ. ಕಲಿಕೆಯಲ್ಲಿ ಏನಾದರೂ ತೊಂದರೆ ಇರಬಹುದು, ತಜ್ಞರಿಗೆ ತೋರಿಸುವುದು ಒಳ್ಳೆಯದು. ಅಗತ್ಯವಾದರೆ ಈ ವರ್ಷ ಯುಕೆಜಿಯಲ್ಲೇ ಕೂರಿಸುವ ಬಗ್ಗೆ ಮಾತಾಡಬೇಕು. ಶನಿವಾರ ತಂದೆ ತಾಯಿ ಬರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲನ್ನಲ್ಲ, ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಪಾತ್ರೆ ಇಡುವ ಸದ್ದೂ ಬೈದ ಹಾಗೆ ಕೇಳುತ್ತಿತ್ತು. ಸೌಮ್ಯ ಫೋನಿನಲ್ಲಿ ಮುಖ ಹುದುಗಿಸಿ ಮಕ್ಕಳಿಗೆ ಬರುವ ದೋಷಗಳ ಹೆಸರುಗಳನ್ನು ಒಂದೊಂದಾಗಿ ಓದುತ್ತ, ಪ್ರತಿಯೊಂದನ್ನೂ ಮೈತ್ರಿಗೆ ಹೊಂದಿಸಿ ನೋಡುತ್ತ, ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಬಸಿರಿನಲ್ಲಿದ್ದಾಗ ಆಫೀಸಿಗೆ ಹೋದದ್ದೇ ತಪ್ಪಾಯಿತೇನೋ ಎಂದು ಬುಧವಾರ ಒಬ್ಬಳೇ ಕೂತು ಅತ್ತಳು. ಶ್ರೀಕಾಂತ ಔಷಧಿ ಕಂಪನಿಯಲ್ಲಿ ಕೆಲಸ ಮಾಡುವವನು, ಗುಳಿಗೆಗಳ ನಡುವೆ ಬದುಕುವವನು. ಅವನೂ ಊಟದ ತಟ್ಟೆಯ ಮುಂದೆ ಮಂಕಾಗಿ ಕೂತು, ಆಕಿಗೆ ಏನೂ ಆಗಿಲ್ಲ ಬಿಡ್ರಿ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಒಂದು ಮಾತು, ಒಂದೇ ಒಂದು ಮಾತು ನಾನು ಆಡಿದ್ದರೆ ಇವರಿಬ್ಬರ ಎದೆಯ ಕಲ್ಲು ಇಳಿಯುತ್ತಿತ್ತು. ಆಡಿದರೆ ನನ್ನ ನಾಲ್ಕು ತಾಸು ಹೋಗುತ್ತದೆ, ಮಗು ಕೊಂಡಾಪುರಕ್ಕೆ ಹೋಗುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಕೂತೆ, ಉಗುಳಲಾರೆ, ನುಂಗಲಾರೆ. ಇದಲ್ಲದೆ ನನ್ನೊಳಗೊಂದು ಹೊಸ ಹೆದರಿಕೆಯೂ ಹುಟ್ಟಿತ್ತು. ಮನೆಯದೇನೋ ನಾನು ಬರೆದದ್ದು ಸರಿ, ಆದರೆ ತರಗತಿಯಲ್ಲಿ ಅವಳು ಮೂರಕ್ಷರಕ್ಕೇ ನಿಲ್ಲುವುದೇಕೆ? ನನ್ನ ಮುಂದೆ ನಿಧಾನವಾಗಿಯಾದರೂ ಸಾಲು ಮುಗಿಸುತ್ತಾಳಲ್ಲ? ನಿಜಕ್ಕೂ ಏನಾದರೂ ಇದ್ದು, ಅದನ್ನು ನಾನೇ ನನ್ನ ಎಡಗೈಯಿಂದ ಮುಚ್ಚಿಟ್ಟೆನೇ?

ಶುಕ್ರವಾರ ಸಂಜೆ ಅವಳಿಗೆ ಹಾಲು ಕೊಡುತ್ತಿದ್ದಾಗ ಮೈತ್ರಿ ಲೋಟ ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದಳು.

“ಆಯಿ, ನಾ ಯಾರಿಗೂ ಹೇಳಂಗಿಲ್ಲ. ಹೇಳಿದ್ರ ನಿನಗ ಬೈತಾರ.”

ಒಂದನೆಯ ತರಗತಿಯಲ್ಲಿ ಮಕ್ಕಳು ಏನು ಕಲಿಯುತ್ತಾರೆ ಎಂಬುದರ ಪಟ್ಟಿಯನ್ನು ಶಾಲೆಯವರು ಜೂನಿನಲ್ಲೇ ಕೊಟ್ಟಿದ್ದರು, ನಾನದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ನೂರರವರೆಗೆ ಎಣಿಕೆ, ಸಣ್ಣ ವಾಕ್ಯಗಳ ಓದು, ಸಾಲಿನಲ್ಲಿ ನಿಲ್ಲುವುದು, ಸರದಿ ಕಾಯುವುದು. ದೊಡ್ಡವರನ್ನು ಬೈಗುಳದಿಂದ ಕಾಪಾಡಲು ಗುಟ್ಟು ಇಟ್ಟುಕೊಳ್ಳುವುದು ಆ ಪಟ್ಟಿಯಲ್ಲಿರಲಿಲ್ಲ. ಅದನ್ನು ಕಲಿಸಿದವಳು ನಾನು. ಆ ಹುಡುಗಿಯ ಮುಖದಲ್ಲಿ ಹೆದರಿಕೆಯೂ ಇರಲಿಲ್ಲ, ದೊಡ್ಡ ಜವಾಬ್ದಾರಿ ಹೊತ್ತವರ ಗಾಂಭೀರ್ಯವಿತ್ತು. ನನಗೆ ಅಳು ಬಂತು. ಆಗಲಾದರೂ ಎದ್ದು ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ನಾಳೆ ಶಾಲೆಯಲ್ಲಿ ಏನಾದರೂ ದಾರಿ ಕಂಡೀತು ಎಂದು ಹಾಲಿನ ಲೋಟ ತೊಳೆಯಲು ಹೋದೆ.

ಶನಿವಾರ ನನ್ನನ್ನು ಯಾರೂ ಕರೆದಿರಲಿಲ್ಲ. ಮೈತ್ರಿ ನನ್ನ ಸೆರಗು ಬಿಡದ್ದರಿಂದ ನಾನೂ ಹೋದೆ. ತರಗತಿಯಲ್ಲಿ ಮೊಣಕಾಲೆತ್ತರದ ಕುರ್ಚಿಗಳು. ಶ್ರೀಕಾಂತ ಕೂತಾಗ ಅವನ ಮೊಣಕಾಲು ಗಲ್ಲಕ್ಕೆ ಬಂತು. ಟೀಚರು ಚಿಕ್ಕ ವಯಸ್ಸಿನ ತೆಲುಗು ಹುಡುಗಿ, ಗಡಸಿನವಳಲ್ಲ. ಸೌಮ್ಯಳೊಡನೆ ಇಂಗ್ಲಿಷು, ಶ್ರೀಕಾಂತನೊಡನೆ ತೆಲುಗು, ನನ್ನೊಡನೆ ಹಿಂದಿ ಎಂದು ಯಾರಿಗೂ ಬೇಸರವಾಗದಂತೆ ಮಾತಾಡಿದಳು. ಎರಡು ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಟ್ಟಳು. ಅಕ್ಷರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ನೋಡಿ ಎಂದಳು, ನನ್ನ ಕಲೆಗೆ ಸಂದ ಕೊನೆಯ ಪ್ರಶಂಸೆ ಅದು. ಆಮೇಲೆ ಎರಡೂ ಹಾಳೆಗಳನ್ನು ಮಗುಚಿ, ಹಿಂಬದಿಯ ಮೇಲೆ ಬೆರಳಾಡಿಸಿ ನೋಡುವಂತೆ ಸೌಮ್ಯಳಿಗೆ ಹೇಳಿದಳು. ತರಗತಿಯ ಹಾಳೆಯಲ್ಲಿ ಇದ್ದದ್ದು ಮೂರೇ ಅಕ್ಷರ, ಆದರೆ ಮೂರೂ ಹಿಂದೆ ಉಬ್ಬಿ ಕೈಗೆ ತಗಲುತ್ತಿದ್ದವು. ಮನೆಯ ಹಾಳೆ ನುಣುಪು. ಈ ವಯಸ್ಸಿನ ಮಕ್ಕಳು ಇಡೀ ತೋಳಿನ ಬಲ ಹಾಕಿ ಬರೆಯುತ್ತಾರೆ, ಹಾಳೆ ಹರಿಯುವಷ್ಟು ಒತ್ತುತ್ತಾರೆ, ಇಷ್ಟು ಹಗುರವಾಗಿ ಅವರಿಗೆ ಬರೆಯಲು ಬರುವುದೇ ಇಲ್ಲ ಎಂದಳು. ಏರುವ ಸಾಲು, ಇಳಿಯುವ ಸಾಲು ಎಲ್ಲವನ್ನೂ ನಕಲು ಮಾಡಿದ ನಾನು, ಒತ್ತುವುದೊಂದನ್ನು ಮರೆತಿದ್ದೆ.

ಶ್ರೀಕಾಂತ ಸೌಮ್ಯಳನ್ನು ನೋಡಿದ, ಸೌಮ್ಯ ಶ್ರೀಕಾಂತನನ್ನು ನೋಡಿದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ, ಅಷ್ಟು ನಂಬಿಕೆ. ಟೀಚರು ಮೈತ್ರಿಯ ಮುಂದೆ ಬಗ್ಗಿ, ಇದನ್ನು ಯಾರು ಬರೆದರು ಎಂದು ಮೃದುವಾಗಿ ಕೇಳಿದಳು. ಮೈತ್ರಿ ನನ್ನನ್ನು ನೋಡದಂತೆ ಎಚ್ಚರ ವಹಿಸಿ, ‘ನೇನೇ’ ಎಂದಳು, ನಾನೇ ಎಂದು, ತೆಲುಗಿನಲ್ಲಿ, ಬಿದ್ದ ಹಲ್ಲುಗಳ ಸಂದಿಯಿಂದ. ಸರಿ ಹಾಗಾದರೆ ಇಲ್ಲೊಂದು ಸಾಲು ಬರೆದು ತೋರಿಸು ಎಂದು ಟೀಚರು ಖಾಲಿ ಹಾಳೆ ಸರಿಸಿದಳು. ಮೈತ್ರಿ ಡಬ್ಬಿಯಿಂದ ಪೆನ್ಸಿಲು ತೆಗೆದಳು. ಹಿಂದಿನ ರಾತ್ರಿ ನಾನು ಅರ್ಧ ಗಂಟೆ ಕೂತು ಚೂಪು ಮಾಡಿದ್ದು, ಕಿಟಕಿಯ ಬಿಸಿಲಿಗೆ ಮೊನೆ ಮಿನುಗಿತು. ಒಂದಕ್ಷರ ಬರೆದಳು. ಎರಡನೆಯದು. ಮೂರನೆಯದಕ್ಕೆ ನಾಲಿಗೆ ಕಚ್ಚಿ ಒತ್ತಿದಳು, ಟಪ್ ಎಂದು ಮೊನೆ ಮುರಿಯಿತು.

ಮೈತ್ರಿ ಪೆನ್ಸಿಲು ಕೆಳಗಿಟ್ಟು, ಕೈಕಟ್ಟಿ, ಸುಮ್ಮನೆ ಕೂತಳು.

ಟೀಚರಿಗೆ ಆ ಭಂಗಿ ಪರಿಚಿತವಾಗಿತ್ತು, ನೋಡಿದಿರಾ ಎಂಬಂತೆ ನಮ್ಮ ಕಡೆ ತಿರುಗಿದಳು. ಆದರೆ ಮುರಿದ ಮೊನೆಯ ಸದ್ದನ್ನು ಅವಳೂ ಇವತ್ತೇ ಮೊದಲು ಕೇಳಿದ್ದೆಂದು ಕಾಣುತ್ತದೆ. ನಲವತ್ತು ಮಕ್ಕಳ ಗಲಾಟೆಯಲ್ಲಿ ಅದು ಯಾರಿಗೆ ಕೇಳೀತು? ಮೊನೆ ಮುರಿದರೆ ಕ್ಲಾಸಿನಲ್ಲಿ ಏನು ಮಾಡುತ್ತೀ ಎಂದು ಕೇಳಿದಳು. ಮೈತ್ರಿ ಉತ್ತರವನ್ನು ಟೀಚರಿಗೆ ಹೇಳಲಿಲ್ಲ, ಅಮ್ಮನಿಗೆ ಹೇಳಿದಳು.

“ಸುಮ್ನ ಕೂಡ್ತೀನಿ. ಮನೀಗೆ ಹೋದಮ್ಯಾಲ ಆಯಿ ಚೂಪ್ ಮಾಡ್ತಾಳ.”

ಹೇಳುತ್ತಲೇ ರೂಢಿಯಂತೆ ಮುರಿದ ಪೆನ್ಸಿಲನ್ನು ನನ್ನ ಕಡೆ ಚಾಚಿದಳು. ನನ್ನ ಕೈಯೂ ರೂಢಿಯಂತೆ ಪರ್ಸಿನೊಳಗೆ ಹೋಗಿ, ಕಾಗದ ಬಿಚ್ಚಿ, ಅರ್ಧ ಬ್ಲೇಡನ್ನು ಹೊರಗೆ ತೆಗೆದೇಬಿಟ್ಟಿತ್ತು. ಪುಟಾಣಿ ಕುರ್ಚಿಗಳ ಮೇಲೆ ಕೂತ ಮೂವರು ದೊಡ್ಡವರು ನನ್ನ ಕೈಯನ್ನು ನೋಡುತ್ತಿದ್ದರು. ನಾಲ್ಕು ತಿಂಗಳಿಂದ ಈ ಮಗು ದಿನವೂ ಮೂರಕ್ಷರ ಬರೆದು, ನನ್ನ ಕಲಾಕೌಶಲ ಮುರಿದು, ಸಂಜೆ ಮೂರೂವರೆಯಾಗುವುದನ್ನೇ ಕಾಯುತ್ತ ಕೂತಿತ್ತು. ಬೇರೆ ಪೆನ್ಸಿಲು ಕೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಕೇಳುವ ಮುಂಚೆಯೇ ನಾನು ಕೊಟ್ಟಿರುತ್ತಿದ್ದೆ.

“ಸೌಮ್ಯಾ, ಆಕಿದೇನೂ ತಪ್ಪಿಲ್ಲ. ಬರದಾಕಿ ನಾನು. ಮೊನಿ ಮುರಿಯೂ ಹಂಗ ಚೂಪ ಮಾಡಿದಾಕೀನೂ ನಾನ.”

ಸೌಮ್ಯ ಮೊದಲು ಮೈತ್ರಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಅವಳ ನೆತ್ತಿಗೆ ಮುಖ ಒತ್ತಿಕೊಂಡಳು, ನಾಲ್ಕು ದಿನದ ರೋಗಗಳೆಲ್ಲ ಆ ಒಂದು ಉಸಿರಿನಲ್ಲಿ ಹೊರಗೆ ಹೋದವು. ಟೀಚರು ಮೇಜಿನ ಮೇಲಿನ ಮೊಂಡು ಪೆನ್ಸಿಲೊಂದನ್ನು ತಂದುಕೊಟ್ಟಳು. ಮೈತ್ರಿ ತಾಯಿಯ ತೊಡೆಯ ಮೇಲೇ ಕೂತು ಒಂದು ಸಾಲು ಬರೆದಳು, ಎರಡು ಬರೆದಳು, ಹಾಳೆ ಹರಿಯುವ ಹಾಗೆ ಒತ್ತಿ ಐದು ಸಾಲು ಬರೆದಳು. ಸಾಲುಗಳು ಏಣಿ ಹತ್ತಿದ್ದವು, ನಾನಾಗಿದ್ದರೆ ಅಷ್ಟು ಹತ್ತಿಸುತ್ತಿರಲಿಲ್ಲ. ಯುಕೆಜಿಯ ಮಾತು ಮತ್ತೆ ಬರಲಿಲ್ಲ. ತಾನೇ ಗಮನಿಸಬೇಕಿತ್ತು ಎಂದು ಟೀಚರು ಹಿಂದಿಯಲ್ಲಿ ನನಗೇ ಹೇಳಿ ನನ್ನನ್ನು ಇನ್ನಷ್ಟು ಕುಗ್ಗಿಸಿದಳು.

ಆಟೋದಲ್ಲಿ ನಾಲ್ವರೂ ಬಂದೆವು. ಮೈತ್ರಿ ಒಬ್ಬಳೇ ಅಂಗಡಿಗಳ ಬೋರ್ಡು ಓದುತ್ತ ಬಂದಳು; ಅವಳಿಗೆ ಓದಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಸೌಮ್ಯ ಬಂದು ಹಿಂದೆ ನಿಂತಳು. ಇನ್ನೇನು ಬರಲಿರುವ ಕೊಂಡಾಪುರ ಎಂಬ ಶಬ್ದಕ್ಕೆ ನಾನು ಬೆನ್ನು ಗಟ್ಟಿ ಮಾಡಿಕೊಂಡೆ.

“ಅತ್ತೆ, ಸ್ಕೂಲ್ ಬಿಟ್ಮೇಲೆ ಅವಳು ನಿಮ್ಮ ಹತ್ರಾನೇ ಇರಲಿ. ಆದ್ರೆ ಆ ಬ್ಲೇಡು ನನಗೆ ಕೊಟ್ಬಿಡಿ.”

ಕೊಟ್ಟೆ. ಶಾಲು ಹೊದಿಸಿಕೊಂಡ ದಿನವಲ್ಲ, ನಾನು ನಿಜವಾಗಿ ನಿವೃತ್ತಳಾದದ್ದು ಆ ಶನಿವಾರ.

ಈಗ ಡಬ್ಬಿಯಲ್ಲಿ ಎರಡು ರೂಪಾಯಿಯ ಹಸಿರು ಶಾರ್ಪನರಿದೆ. ಮೈತ್ರಿ ಅದರಲ್ಲಿ ಪೆನ್ಸಿಲು ತುರುಕಿ ಗರಗರ ತಿರುಗಿಸುತ್ತಾಳೆ, ಮೊನೆ ಬರುತ್ತದೆ, ಖುಷಿಗೆ ಇನ್ನೊಂದು ಸುತ್ತು ತಿರುಗಿಸುತ್ತಾಳೆ, ಮುರಿಯುತ್ತದೆ, ಮತ್ತೆ ತಿರುಗಿಸುತ್ತಾಳೆ. ಹೂವಿನಂಥ ಹೊಟ್ಟು ನೆಲದ ತುಂಬ. ಏಳು ಗಂಟೆಗೆ ಎರಡು ಪುಟ ಬಾಕಿಯಿದ್ದರೆ ಬಾಕಿಯೇ ಹೋಗುತ್ತದೆ, ನಕ್ಷತ್ರಗಳು ವಿರಳವಾಗಿವೆ. ನಾನು ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಮಕ್ಕಳು ಬೆಳೆಯುವುದನ್ನು ನೋಡಲು ಇಷ್ಟು ಕಷ್ಟದ ಆಸನ ಬೇಕಾಗುತ್ತದೆಂದು ಯಾವ ಯೋಗದವರೂ ಹೇಳಿರಲಿಲ್ಲ. ಅವಳು ಮಲಗಿದ ಮೇಲೆ ಪುಸ್ತಕ ತೆಗೆದು, ಓದುವುದಿಲ್ಲ, ಹಾಳೆ ಮಗುಚಿ ಹಿಂಬದಿಯ ಮೇಲೆ ಬೆರಳಾಡಿಸುತ್ತೇನೆ. ಕೈಗೆ ತಗಲುತ್ತದೆ.

ಒಂದು ವಿಷಯ ತಿದ್ದುಪಡಿ ಮಾಡಬೇಕು. ಒಂದನೆಯ ತರಗತಿಯ ಮಗುವಿರುವ ಮನೆಯಲ್ಲಿ ಪೆನ್ಸಿಲಿನ ಆಯುಷ್ಯ ಐದು ದಿನವಲ್ಲ, ಈಗ ಮೂರೇ ದಿನ. ನಿನ್ನೆ ನಾನು ಏನೋ ಬರೆಯಲು ಕೂತದ್ದನ್ನು ಕಂಡು ಮೈತ್ರಿ ತನ್ನ ಪೆನ್ಸಿಲುಗಳಲ್ಲಿ ಹೆಬ್ಬೆರಳಷ್ಟು ಉಳಿದದ್ದೊಂದನ್ನು ಹುಡುಕಿ, ಶಾರ್ಪನರಿನಲ್ಲಿ ಎರಡೇ ಸುತ್ತು ತಿರುಗಿಸಿ, ಮೊನೆಯನ್ನು ಬೆರಳಿಗೆ ಮುಟ್ಟಿಸಿ ಪರೀಕ್ಷಿಸಿ ನನ್ನ ಕೈಗಿಟ್ಟಳು. ಮುರಿದರ ನನ್ನ ಕೇಳು ಎಂದು ಹೇಳಿ ಆಡಲು ಹೋದಳು. ಮೊಂಡು ಮೊನೆ, ಅಕ್ಷರ ದಪ್ಪ ದಪ್ಪ ಬರುತ್ತಿದೆ, ಮೂವತ್ತು ವರ್ಷದ ನನ್ನ ಹೆಸರಿಗೆ ಮಸಿ ಬಳಿಯುವ ಹಾಗಿದೆ. ಇದನ್ನೆಲ್ಲ ಅದರಲ್ಲೇ ಬರೆದೆ. ಇಲ್ಲಿಯವರೆಗೆ ಮುರಿದಿಲ್ಲ.